ಅಪ್ಪನಿಗೆ ದಿನಾ ಇಸಬ್ಗೋಲ್ ಕೊಡಬಹುದಾ, ಇಲ್ಲಾ ಅಗಸಿ ಚಟ್ನಿನೇ ಸಾಕಾ?

ಹಾವೇರಿ ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ 71 ವರ್ಷ. ಹಲ್ಲು ತೆಗೆಸಿ ಸೆಟ್ ಹಾಕಿಸಿದ ಮೇಲೆ ಕಟಕ್ ರೊಟ್ಟಿ ಪೂರ್ತಿ ಬಿಟ್ಟರು, ಬಿಸಿ ರೊಟ್ಟಿಯೂ ಅರ್ಧಕ್ಕೆ ಇಳಿಯಿತು. ಈಗ ಎರಡು ಹೊತ್ತೂ ಮೆತ್ತಗೆ ಮಾಡಿದ ಅನ್ನ ಸಾರು, ಬೆಳಿಗ್ಗೆ ಉಪ್ಪಿಟ್ಟು ಇಲ್ಲಾ ಅವಲಕ್ಕಿ. ಮೊದಲು ಊಟಕ್ಕೆ ಕೂತರೆ ತಾಟಿನ ಪಕ್ಕ ಮೂಲಂಗಿ, ಸೌತೆಕಾಯಿ, ಹಕ್ಕರಕಿ, ಉಳ್ಳಾಗಡ್ಡಿ ಇರಲೇಬೇಕಿತ್ತು. ಅದೆಲ್ಲ ಬಂದ್.

ಈಗ ಹೊಟ್ಟೆ ಸಾಫ್ ಆಗುವುದಿಲ್ಲ ಅಂತ ದಿನಾ ಒದ್ದಾಟ. ಎರಡು ಮೂರು ದಿನಕ್ಕೊಮ್ಮೆ ಆಗುತ್ತದೆ, ಅದೂ ತಿಣುಕಿ ತಿಣುಕಿ. ರಕ್ತ ಅದು ಇದು ಏನೂ ಇಲ್ಲ, ತೂಕವೂ ಇಳಿದಿಲ್ಲ. ರಾತ್ರಿ ಎದ್ದು ಹೋಗಬೇಕಾಗುತ್ತದೆ ಅಂತ ನೀರು ಬೇರೆ ಕಡಿಮೆ ಕುಡಿಯುತ್ತಾರೆ.

ಪಕ್ಕದ ಮನೆ ಕಾಕಾ ಒಂದು ಇಸಬ್ಗೋಲ್ ಡಬ್ಬಿ ತಂದುಕೊಟ್ಟು, ಮಲಗುವಾಗ ಬಿಸಿ ಹಾಲಲ್ಲಿ ಎರಡು ಚಮಚ ಹಾಕಿ ಕುಡಿ ಅಂದಿದ್ದಾರೆ. ಅವ್ವ ಅದು ಬೇಡವೇ ಬೇಡ, ಒಮ್ಮೆ ರೂಢಿ ಆದರೆ ಬಿಡೋಕೆ ಆಗಲ್ಲ, ಅಗಸಿ ಚಟ್ನಿ ತಿನ್ನಲಿ ಅಂತಾಳೆ. ಅಪ್ಪನಿಗೆ ಶುಗರ್ ಇದೆ, ಥೈರಾಯ್ಡ್ ಇದೆ, ಮೂಳೆ ಸವೆದಿದೆ ಅಂತ ಕ್ಯಾಲ್ಸಿಯಂ ಗುಳಿಗೆನೂ ಚಾಲೂ ಇದೆ. ಬೆಳಿಗ್ಗೆ ಎದ್ದ ಕೂಡಲೆ ಥೈರಾಯ್ಡ್, ಕ್ಯಾಲ್ಸಿಯಂ ಎರಡೂ ಒಟ್ಟಿಗೆ ನುಂಗಿ ಚಹಾ ಕುಡಿಯುತ್ತಾರೆ, ಶುಗರ್‌ದು ಮಧ್ಯಾಹ್ನ ಮತ್ತು ರಾತ್ರಿ ಊಟದ ಜೊತೆ. ಇಷ್ಟು ಗುಳಿಗೆ ತಗೊಳ್ಳುವವರಿಗೆ ಇಸಬ್ಗೋಲ್ ನಡೆಯುತ್ತದಾ? ಗೊತ್ತಿರುವವರು ದಯವಿಟ್ಟು ಹೇಳಿ.

ಔಷಧ ಅಂಗಡಿ, ಹುಬ್ಬಳ್ಳಿ:

ತಂಗಿ, ಇಸಬ್ಗೋಲ್ ಮಾತು ಆಮೇಲೆ. ಮೊದಲು ಬೆಳಗಿನ ಗುಳಿಗೆ ಸರಿ ಮಾಡಿಸು. ಥೈರಾಯ್ಡ್ ಗುಳಿಗೆ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ತಗೊಳ್ಳಬಾರದು. ಕ್ಯಾಲ್ಸಿಯಂ ಹೊಟ್ಟೆಯೊಳಗೆ ಥೈರಾಯ್ಡ್ ಔಷಧಿಯನ್ನು ಹಿಡಿದುಕೊಂಡು ಬಿಡುತ್ತದೆ, ರಕ್ತಕ್ಕೆ ಸೇರಬೇಕಾದದ್ದು ಪೂರ್ತಿ ಸೇರುವುದಿಲ್ಲ. ಎರಡರ ನಡುವೆ 4 ಗಂಟೆ ಅಂತರ ಬೇಕು. ಥೈರಾಯ್ಡ್ ಗುಳಿಗೆ ಖಾಲಿ ಹೊಟ್ಟೆಗೆ ಬರೀ ನೀರಲ್ಲಿ, ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಚಹಾನೂ ಬೇಡ. ಕ್ಯಾಲ್ಸಿಯಂ ಮಧ್ಯಾಹ್ನ ಊಟದ ಹೊತ್ತಿಗೆ ಹಾಕಬಹುದಾ ಅಂತ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ.

ಇದನ್ನು ಯಾಕೆ ಮೊದಲು ಹೇಳಿದೆ ಅಂದರೆ, ಥೈರಾಯ್ಡ್ ಕಡಿಮೆ ಇದ್ದರೆ ಕರುಳಿನ ಓಡಾಟನೇ ನಿಧಾನ ಆಗುತ್ತದೆ, ಮಲಬದ್ಧತೆ ಅದರ ದೊಡ್ಡ ಲಕ್ಷಣ. ಕ್ಯಾಲ್ಸಿಯಂ ಗುಳಿಗೆಯೂ ಬಹಳ ಮಂದಿಗೆ ಹೊಟ್ಟೆ ಕಟ್ಟಿಸುತ್ತದೆ. ಕಬ್ಬಿಣದ ಗುಳಿಗೆದೂ ಅದೇ ಕಥೆ. ಅಂದರೆ ಅಪ್ಪಾರಿಗೆ ಮೂರು ಕಡೆಯಿಂದ ಕಟ್ಟಿದ ಹಾಗಿದೆ, ಹಲ್ಲು ಹೋಗಿ ನಾರು ಕಡಿಮೆ ಆಯಿತು, ನೀರು ಕಡಿಮೆ ಆಯಿತು, ಮೇಲೆ ಈ ಗುಳಿಗೆಗಳು. ಟಿಎಸ್‌ಎಚ್ ಅನ್ನುವ ಥೈರಾಯ್ಡ್ ರಕ್ತ ಪರೀಕ್ಷೆ ಮಾಡಿಸಿ ಬಹಳ ದಿನ ಆಗಿದ್ದರೆ ಒಮ್ಮೆ ಮಾಡಿಸಿ.

ಈಗ ಇಸಬ್ಗೋಲ್. ಕೊಡಬಹುದು, ಒಳ್ಳೆಯ ಪದಾರ್ಥ. ಆದರೆ ಕಾಕಾ ಹೇಳಿದ ರೀತಿಯಲ್ಲಿ ಬೇಡ. ಒಂದು ಗ್ಲಾಸ್ ನೀರಿಗೆ ಹಾಕಿ ಸುಮ್ನೆ ನೋಡಿ. ಮೊದಲು ಮೇಲೆ ತೇಲುತ್ತದೆ, ಕಲಕಿದರೆ ನಡುವೆ ನಿಲ್ಲುತ್ತದೆ, ಸ್ವಲ್ಪ ಹೊತ್ತಿನಲ್ಲೇ ಒಂದೊಂದು ಚೂರೂ ಉಬ್ಬಿ ಪಾರದರ್ಶಕ ಲೋಳೆ ಆಗುತ್ತದೆ, ಇನ್ನೂ ಬಿಟ್ಟರೆ ಗ್ಲಾಸ್ ಓರೆ ಮಾಡಿದರೂ ಸುರಿಯುವುದಿಲ್ಲ. ಈ ಉಬ್ಬುವ ಕೆಲಸ ಕರುಳಿನಲ್ಲಿ ಆದರೆ ಔಷಧಿ, ಗಂಟಲಲ್ಲಿ ಆದರೆ ಅಪಾಯ. ವಯಸ್ಸಾದವರು ಒಣ ಪುಡಿಯನ್ನೇ ಬಾಯಿಗೆ ಹಾಕಿಕೊಂಡು ಒಂದು ಗುಟುಕು ನೀರು ಕುಡಿದು ಮಲಗುತ್ತಾರಲ್ಲ, ಅದು ಗಂಟಲಲ್ಲೋ ಅನ್ನನಾಳದಲ್ಲೋ ಸಿಕ್ಕಿಕೊಳ್ಳಬಹುದು. ನುಂಗಲು ತೊಂದರೆ ಇರುವವರಿಗೆ ಕೊಡಲೇಬಾರದು.

ಹಾಗಾಗಿ ತುಂಬಿದ ಗ್ಲಾಸ್ ನೀರು, ಅಂದರೆ 240 ಮಿಲಿ ಹತ್ತಿರ, ಅದಕ್ಕೆ ಹಾಕಿ ಕಲಕಿ ಗಟ್ಟಿ ಆಗುವುದರೊಳಗೆ ಕುಡಿಯಬೇಕು. ಮೇಲೆ ಇನ್ನೊಂದು ಅರ್ಧ ಗ್ಲಾಸ್ ಕುಡಿದರೆ ಇನ್ನೂ ಒಳ್ಳೆಯದು. ಕೂತು ಕುಡಿಯಬೇಕು, ಕುಡಿದ ಕೂಡಲೆ ಅಡ್ಡ ಆಗಬಾರದು. ಮೊದಲ ವಾರ ಒಂದು ಚಹಾ ಚಮಚ ಸಾಕು. ಒಮ್ಮೆಲೇ ಜಾಸ್ತಿ ಮಾಡಿದರೆ ಗ್ಯಾಸ್, ಹೊಟ್ಟೆ ಉಬ್ಬರ. ಆಮೇಲೆ ನಿಧಾನ ಊಟದ ಚಮಚಕ್ಕೆ ಏರಿಸಿ, ತುಂಬಿದ ಊಟದ ಚಮಚ ಅಂದರೆ ಸುಮಾರು 5 ಗ್ರಾಂ. ಮರುದಿನ ಬೆಳಿಗ್ಗೆನೇ ಆಗಬೇಕು ಅಂತಿಲ್ಲ, ಅರ್ಧ ದಿನದಿಂದ ಮೂರು ದಿನದವರೆಗೂ ಹಿಡಿಯಬಹುದು. ಆಗಲಿಲ್ಲ ಅಂತ ಅದೇ ರಾತ್ರಿ ಇನ್ನೆರಡು ಚಮಚ ಹಾಕಬೇಡಿ.

ಹೊತ್ತು ಯಾವುದು ಅಂದರೆ, ನಿಮ್ಮ ಅಪ್ಪಾರಿಗೆ ಸಂಜೆ 5 ಗಂಟೆ ಸುಮಾರು ಸರಿ ಅನಿಸುತ್ತದೆ. ಬೇರೆ ಔಷಧಿಗೂ ಇಸಬ್ಗೋಲ್‌ಗೂ ಕಡಿಮೆ ಅಂದರೂ 2 ಗಂಟೆ ಅಂತರ ಬೇಕು, ಯಾಕೆಂದರೆ ಆ ಲೋಳೆ ಗುಳಿಗೆಯನ್ನೂ ಸುತ್ತಿಕೊಳ್ಳುತ್ತದೆ. ಸಂಜೆ ಆದರೆ ಬೆಳಗಿನ ಥೈರಾಯ್ಡ್‌ನಿಂದ ದೂರ, ಎರಡೂ ಹೊತ್ತಿನ ಊಟದ ಗುಳಿಗೆಯಿಂದಲೂ ದೂರ. ನೀರೂ ಸಂಜೆಯೇ ಹೊಟ್ಟೆಗೆ ಹೋಗುವುದರಿಂದ ರಾತ್ರಿ ಏಳುವ ಕಾಟ ಕಡಿಮೆ.

ಒಂದು ಎಚ್ಚರಿಕೆ. ಹೊಟ್ಟೆ ನೋವು ವಾಂತಿ ಜೊತೆ ಗಾಳಿನೂ ಹೋಗದೆ ಕಟ್ಟಿದ್ದರೆ, ಮಲದಲ್ಲಿ ರಕ್ತ ಕಂಡರೆ, ತೂಕ ಸುಮ್ನೆ ಇಳಿಯುತ್ತಿದ್ದರೆ ಇಸಬ್ಗೋಲ್ ಕೊಟ್ಟು ನೋಡೋಣ ಅನ್ನಬೇಡಿ, ನೇರ ಡಾಕ್ಟರ್ ಹತ್ತಿರ ಹೋಗಿ. ಹೃದಯ ಇಲ್ಲಾ ಕಿಡ್ನಿ ತೊಂದರೆಗೆ ನೀರು ಅಳೆದು ಕುಡಿಯಿರಿ ಅಂತ ಹೇಳಿಸಿಕೊಂಡವರೂ ಕೇಳದೆ ಶುರು ಮಾಡಬಾರದು.

ಗದಗ ಎರಿಹೊಲ:

ಅಕ್ಕಾ, ನಿಮ್ಮ ಅವ್ವನ ಮಾತನ್ನೂ ತೆಗೆದುಹಾಕಬೇಡಿ. ಅಗಸಿ ಕಡಿಮೆ ಏನಲ್ಲ. 100 ಗ್ರಾಂ ಅಗಸಿಯಲ್ಲಿ ಸುಮಾರು 27 ಗ್ರಾಂ ನಾರು ಇದೆ, ಮೇಲೆ ಒಮೇಗಾ-3 ಎಣ್ಣೆ ಅಂಶ ಬೇರೆ. ಆದರೆ ಇಡೀ ಕಾಳು ತಿಂದರೆ ಉಪಯೋಗ ಕಡಿಮೆ. ಮೇಲಿನ ಸಿಪ್ಪೆ ಬಹಳ ನುಣುಪು ಮತ್ತು ಗಟ್ಟಿ, ಅಗಿಯದೆ ನುಂಗಿದ ಕಾಳು ಹಾಗೆ ಹಾಗೇ ಹೊರಗೆ ಹೋಗುತ್ತದೆ. ಪುಡಿ ಮಾಡಲೇಬೇಕು. ಹಲ್ಲಿನ ಸೆಟ್ ಇರುವವರಿಗಂತೂ ಇಡೀ ಕಾಳು ಸೆಟ್ ಕೆಳಗೆ ಸೇರಿಕೊಂಡು ವಸಡು ಚುಚ್ಚುತ್ತದೆ. ನಮ್ಮ ಅಜ್ಜಿಗೆ ಇದೇ ಕಾಟ ಇತ್ತು, ಚಟ್ನಿಯನ್ನು ಇನ್ನೊಂದು ಸುತ್ತು ನುಣ್ಣಗೆ ತಿರುವಿ ಜರಡಿ ಹಿಡಿದು ಕೊಡುತ್ತಿದ್ದೆವು.

ನಮ್ಮ ಮನೆಯಲ್ಲಿ ಮಾಡುವುದು ಹೀಗೆ. ದಪ್ಪ ತಳದ ಬಾಣಲೆ, ಸಣ್ಣ ಉರಿ, ಎಣ್ಣೆ ಹಾಕಬಾರದು. ಅಗಸಿ ಚಟಪಟ ಅಂತ ಸಿಡಿಯಲು ಶುರುವಾಗಿ ಘಮ ಬಂದ ಕೂಡಲೆ ಇಳಿಸಿಬಿಡಬೇಕು, ಒಂದು ನಿಮಿಷ ಜಾಸ್ತಿ ಆದರೂ ಕಹಿ. ಅಗಲ ತಾಟಿನಲ್ಲಿ ಹರವಿ ಪೂರ್ತಿ ಆರಿಸಬೇಕು. ಬಿಸಿ ಇರುವಾಗಲೇ ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ. ಬ್ಯಾಡಗಿ ಮೆಣಸಿನಕಾಯಿ, ಜೀರಿಗೆ, ಕರಿಬೇವು ಹುರಿದುಕೊಂಡು, ಉಪ್ಪು, ಚೂರು ಹುಣಸೆಹಣ್ಣು, ಚೂರು ಬೆಲ್ಲ ಸೇರಿಸಿ ಮೊದಲು ಅದನ್ನು ತಿರುವಿ, ಆಮೇಲೆ ಅಗಸಿ, ಕೊನೆಗೆ ಬೆಳ್ಳುಳ್ಳಿ ಹಾಕಿ ಒಂದೇ ಸುತ್ತು. ಅಪ್ಪಾರಿಗೆ ಖಾರ ಕಡಿಮೆ ಹಾಕಿ, ತಿಣುಕುವವರಿಗೆ ಖಾರ ಉರಿ ಹೆಚ್ಚಿಸುತ್ತದೆ.

ಒಂದು ಕಿಲೋ ಒಮ್ಮೆಲೇ ಮಾಡಿ ಇಡಬೇಡಿ. ಅಗಸಿ ಎಣ್ಣೆ ಗಾಳಿ ತಾಗಿದರೆ ಬೇಗ ಕಮಟುತ್ತದೆ, ಕಾಳು ಇದ್ದಷ್ಟು ದಿನ ಪುಡಿ ಇರುವುದಿಲ್ಲ. ಸ್ವಲ್ಪ ಸ್ವಲ್ಪ ಮಾಡಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಸಾಧ್ಯ ಆದರೆ ಫ್ರಿಜ್‌ನಲ್ಲಿ. ಮೊಸರನ್ನದಲ್ಲಿ ಎರಡು ಚಮಚ ಕಲಸಿ ಕೊಟ್ಟರೆ ಅಗಿಯುವ ಕೆಲಸವೇ ಇಲ್ಲ. ಹಾಂ, ಇದಕ್ಕೂ ನೀರು ಬೇಕೇ ಬೇಕು.

ಧಾರವಾಡ ಮಾಸ್ತರ:

ಇಸಬ್ಗೋಲ್, ಅಗಸಿ, ಚಿಯಾ ಅಂತ ಒಂದರ ಹಿಂದೆ ಒಂದು ಬರುತ್ತಲೇ ಇವೆ. ನಮ್ಮ ಹಿರಿಯರು ಜೋಳದ ರೊಟ್ಟಿ, ಕಾಳು ಪಲ್ಯ ತಿಂದು ಗಟ್ಟಿ ಇದ್ದರು, ಡಬ್ಬಿ ಯಾರೂ ಕೊಂಡಿರಲಿಲ್ಲ. ಊಟ ಸರಿ ಮಾಡಿ, ಎಲ್ಲಾ ಸರಿ ಆಗುತ್ತದೆ. ಡಬ್ಬಿ ಮೇಲೆ ಭರವಸೆ ಇಡುವುದು ನನಗೆ ಒಪ್ಪಿಗೆ ಇಲ್ಲ.

ಔಷಧ ಅಂಗಡಿ, ಹುಬ್ಬಳ್ಳಿ:

ಮಾಸ್ತರರೇ, ಊಟ ಸರಿ ಇರಬೇಕು ಅನ್ನುವುದಕ್ಕೆ ನನ್ನದೂ ಪೂರ್ತಿ ಒಪ್ಪಿಗೆ. ಆದರೆ ಹಲ್ಲಿಲ್ಲದ ಮನುಷ್ಯನಿಗೆ ರೊಟ್ಟಿ ತಿನ್ನು ಅಂದರೆ ಹೇಗೆ ತಿನ್ನಬೇಕು? ಅಂಗಡಿಗೆ ಬರುವ ವಯಸ್ಸಾದವರಲ್ಲಿ ಬಹಳ ಮಂದಿಯದು ಇದೇ ಪಾಡು. ನಾಚಿಕೆಗೆ ಮಕ್ಕಳ ಮುಂದೆ ಹೇಳುವುದಿಲ್ಲ, ಒಬ್ಬರೇ ಬಂದು ಮೆಲ್ಲಗೆ ಜುಲಾಬಿನ ಗುಳಿಗೆ ಕೇಳುತ್ತಾರೆ. ಅದನ್ನು ವರ್ಷಗಟ್ಟಲೆ ತಗೊಳ್ಳುವುದಕ್ಕಿಂತ ಇಸಬ್ಗೋಲ್ ಎಷ್ಟೋ ವಾಸಿ.

ರೂಢಿ ಆಗುತ್ತದೆ ಅನ್ನುವ ಅವ್ವಾರ ಭಯಕ್ಕೂ ಇದೇ ಉತ್ತರ. ಬಹಳ ಚೂರ್ಣಗಳಲ್ಲಿ ಸೋನಾಮುಖಿ ಎಲೆ ಇರುತ್ತದೆ, ಅದು ಕರುಳನ್ನು ಕೆಣಕಿ ಓಡಿಸುತ್ತದೆ. ಇಸಬ್ಗೋಲ್ ಕೆಣಕುವುದಿಲ್ಲ. ನೀರು ಹಿಡಿದಿಟ್ಟುಕೊಂಡು ಮಲವನ್ನು ಮೆತ್ತಗೆ, ಗಾತ್ರಕ್ಕೆ ಮಾಡುತ್ತದೆ ಅಷ್ಟೇ. ಬೇರೆ ನಾರುಗಳನ್ನು ಕರುಳಿನ ಸೂಕ್ಷ್ಮಜೀವಿಗಳು ತಿಂದು ಗ್ಯಾಸ್ ಮಾಡುತ್ತವೆ, ಇದನ್ನು ಅಷ್ಟಾಗಿ ತಿನ್ನುವುದಿಲ್ಲ, ಅದಕ್ಕೇ ಆ ಲೋಳೆ ಕೊನೆಯವರೆಗೂ ಉಳಿಯುತ್ತದೆ. ಬೇಧಿ ಆದಾಗ ಮೊಸರಲ್ಲಿ ಇಸಬ್ಗೋಲ್ ಕೊಡುವುದೂ ಇದೇ ಕಾರಣಕ್ಕೆ, ಜಾಸ್ತಿ ಇರುವ ನೀರನ್ನು ಹೀರಿಕೊಳ್ಳುತ್ತದೆ.

ಧಾರವಾಡ ಮಾಸ್ತರ:

ಹಲ್ಲಿನ ವಿಷಯ ಸರಿ ಹೇಳಿದಿರಿ. ಹಾಗಿದ್ದರೆ ರೊಟ್ಟಿ ಬದಲು ಜೋಳದ ನುಚ್ಚು ಮಾಡಿ ಕೊಡಿ. ನುಚ್ಚನ್ನು ನೆನೆಸಿ ಕುಕ್ಕರ್‌ನಲ್ಲಿ ಮೆತ್ತಗೆ ಬೇಯಿಸಿ ಮಜ್ಜಿಗೆ ಹಾಕಿದರೆ ಗಂಟಲಲ್ಲಿ ತಾನೇ ಇಳಿಯುತ್ತದೆ. ಹೆಸರುಕಾಳು ಇಡಿಯಾಗಿ ಬೇಯಿಸಿ ಹಿಚುಕಿ ಪಲ್ಯ, ಮೆಂತ್ಯ ಸೊಪ್ಪು ಹಾಕಿದ ಬೇಳೆ, ಚೆನ್ನಾಗಿ ಹಣ್ಣಾದ ಪಪ್ಪಾಯಿ. ಬಿಳಿ ಅನ್ನ ಒಂದು ಹೊತ್ತಿಗೆ ಸಾಕು. ಶುಗರ್ ಇರುವವರಿಗೂ ಎರಡು ಹೊತ್ತು ಮೆತ್ತಗಿನ ಅನ್ನಕ್ಕಿಂತ ಇದು ಒಳ್ಳೆಯದು ಅಲ್ವಾ?

ನರಗುಂದ ರೈತ:

ನನ್ನದು ಬೇರೆ ಪ್ರಶ್ನೆ, ಇಲ್ಲೇ ಕೇಳುತ್ತೇನೆ. ಈ ಇಸಬ್ಗೋಲ್ ನಮ್ಮ ಕಡೆ ಬೆಳೆಯಬಹುದಾ? ನೀರು ಕಡಿಮೆ ಬೇಡುವ ಹಿಂಗಾರಿ ಬೆಳೆ ಅಂತ ಯಾರೋ ವಿಡಿಯೋದಲ್ಲಿ ಹೇಳಿದರು. ಕಡಲೆ, ಕುಸುಬಿ, ಜೋಳ ಬಿಟ್ಟು ಬೇರೆ ಏನಾದರೂ ನೋಡೋಣ ಅಂತ ಆಸೆ.

ಕಿರಾಣಿ ಗದಗ:

ಅಣ್ಣಾ, ನಮ್ಮದು ಜೀರಿಗೆ, ಸೋಂಪು ವ್ಯಾಪಾರ. ಅದಕ್ಕಾಗಿ ಉತ್ತರ ಗುಜರಾತಿನ ಊಂಝಾ ಮಾರ್ಕೆಟ್ಟಿಗೆ ಹೋಗಿ ಬಂದಿದ್ದೇನೆ, ಇಸಬ್ಗೋಲ್ ದೊಡ್ಡ ವ್ಯಾಪಾರವೂ ಅಲ್ಲೇ. ಅಲ್ಲಿಂದ ಹತ್ತಿರ ಸಿದ್ಧಪುರದಲ್ಲಿ ಹೊಟ್ಟು ಬಿಡಿಸುವ ಮಿಲ್ಲುಗಳಿವೆ. ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶ, ಈ ಮೂರು ಕಡೆ ಮುಖ್ಯವಾಗಿ ಬೆಳೆಯುತ್ತಾರೆ. ಜಗತ್ತಿಗೆ ಅತಿ ಹೆಚ್ಚು ಕಳಿಸುವುದು ನಮ್ಮ ದೇಶವೇ, ಅಮೆರಿಕದಲ್ಲಿ ಡಬ್ಬಿಯಲ್ಲಿ ಮಾರುವ ನಾರಿನ ಪುಡಿಗೂ ಮಾಲು ಹೋಗುವುದು ಇಲ್ಲಿಂದಲೇ.

ಗಿಡ ಮೊಣಕಾಲಿಗಿಂತ ಕೆಳಗೇ ಇರುತ್ತದೆ, ತೆಳ್ಳಗಿನ ಉದ್ದ ಎಲೆ, ತುದಿಯಲ್ಲಿ ಸಣ್ಣ ತೆನೆ. ಬೀಜ ದೋಣಿ ಆಕಾರ, ತಿಳಿ ಗುಲಾಬಿ ಬೂದು ಬಣ್ಣ, ಬೆರಳಲ್ಲಿ ಹಿಡಿದರೆ ಜಾರಿ ಹೋಗುತ್ತದೆ. ನಾವು ಕುಡಿಯುವುದು ಬೀಜ ಅಲ್ಲ, ಬೀಜದ ಮೇಲಿನ ಪೊರೆ. ಮಿಲ್ಲಿನಲ್ಲಿ ಬೀಜವನ್ನು ಮತ್ತೆ ಮತ್ತೆ ಉಜ್ಜಿ, ಜರಡಿ ಹಿಡಿದು, ಗಾಳಿಗೆ ಹಾರಿಸಿ ಆ ಪೊರೆ ಬೇರೆ ಮಾಡುತ್ತಾರೆ. ಬೀಜದ ತೂಕದಲ್ಲಿ ಕಾಲು ಭಾಗ ಹತ್ತಿರ ಹೊಟ್ಟು ಸಿಗುತ್ತದೆ, ಉಳಿದದ್ದು ದನಕರುಗಳ ಮೇವಿಗೆ ಹೋಗುತ್ತದೆ. ಅದಕ್ಕೇ ಹೊಟ್ಟಿಗೆ ಆ ರೇಟು.

ಬೆಳೆ ಮಾತಿಗೆ ಬಂದರೆ, ನವೆಂಬರ್ ಸುಮಾರಿಗೆ ಬಿತ್ತಿ ಮಾರ್ಚ್ ಹೊತ್ತಿಗೆ ಕೊಯ್ಯುತ್ತಾರೆ. ಅದಕ್ಕೆ ಬೇಕಾದದ್ದು ನೀರು ಬಸಿದು ಹೋಗುವ ಮರಳು ಮಿಶ್ರ ಹಗುರ ಮಣ್ಣು, ಒಣ ಚಳಿ. ನಿಮ್ಮ ನರಗುಂದದ್ದು ನೀರು ಹಿಡಿದು ಕೂರುವ ಕರಿ ಎರಿ. ಅದಕ್ಕಿಂತ ದೊಡ್ಡ ಭಯ ಕೊಯ್ಲಿನದು. ತೆನೆ ಹಣ್ಣಾದಾಗ ಒಂದು ಮಳೆ ಬಿದ್ದರೆ ಸಾಕು, ಬೀಜ ಅಲ್ಲೇ ಲೋಳೆ ಬಿಟ್ಟು ಉದುರಿ ಹೋಗುತ್ತದೆ, ಕೈಗೆ ಏನೂ ಸಿಗುವುದಿಲ್ಲ. ಅಲ್ಲಿಯ ರೈತರು ಬಿಸಿಲಿಗೆ ಕಾಳು ಉದುರಬಾರದು ಅಂತ ಬೆಳಿಗ್ಗೆನೇ ಕೊಯ್ಯುತ್ತಾರೆ, ಆದರೂ ಮೋಡ ಕಂಡರೆ ಮುಖ ಬಾಡುತ್ತದೆ. ನಮ್ಮಲ್ಲಿ ಮಾರ್ಚ್ ಏಪ್ರಿಲ್‌ನಲ್ಲಿ ಅಡ್ಡ ಮಳೆ ಹೊಸದಲ್ಲವಲ್ಲ.

ಬೆಳೆದರೂ ಕೊಳ್ಳುವವರು ಯಾರು? ಗದಗ ಎಪಿಎಂಸಿಯಲ್ಲಿ ಕಡಲೆ, ಹೆಸರು, ಮೆಣಸಿನಕಾಯಿ ಇಟ್ಟರೆ ಕೇಳುವವರಿದ್ದಾರೆ. ಇದನ್ನು ಇಲ್ಲಿಂದ ಊಂಝಾಕ್ಕೆ ಕಳಿಸಿದರೆ ಲಾರಿ ಬಾಡಿಗೆಗೇ ಲಾಭ ಹೋಗುತ್ತದೆ. ವಿಡಿಯೋ ನೋಡಿ ಎಕರೆಗಟ್ಟಲೆ ಹಾಕಬೇಡಿ ಅಣ್ಣಾ, ನನ್ನ ಕಳಕಳಿಯ ಮಾತು. ಬೇಕೇ ಬೇಕು ಅಂದರೆ ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಕೇಳಿ, ಅಂಚಿಗೆ ಒಂದೆರಡು ಸಾಲು ಹಾಕಿ ನೋಡಿ.

ಗದಗ ಎರಿಹೊಲ:

ನನ್ನದೂ ಅದೇ ಮಾತು. ನರಗುಂದದ ಎರಿಗೆ ಅಗಸಿ ಒಗ್ಗುತ್ತದೆ ಅಣ್ಣಾ. ನಮ್ಮ ಹಿರಿಯರು ಹಿಂಗಾರಿ ಜೋಳ, ಕಡಲೆ ನಡುವೆ ಅಕ್ಕಡಿ ಸಾಲು ಹಾಕುತ್ತಿದ್ದರು, ನೀಲಿ ಹೂವು ಬಿಟ್ಟಾಗ ಹೊಲ ನೋಡುವ ಹಾಗಿರುತ್ತಿತ್ತು. ಈಗ ಊರಲ್ಲಿ ಹುಡುಕಿದರೂ ಸಾಲು ಕಾಣುವುದಿಲ್ಲ, ಚಟ್ನಿಗೆ ಅಂಗಡಿಯಿಂದ ತರುತ್ತಿದ್ದೇವೆ. ಅಗಸಿ ಮಾರಲು ಗುಜರಾತಿಗೆ ಹೋಗಬೇಕಾಗಿಲ್ಲ, ನಮ್ಮ ಊಟದ ತಾಟಿನಲ್ಲೇ ಗಿರಾಕಿ ಇದೆ.

ಕೇಶ್ವಾಪುರ ವೈನಿ:

ನಮ್ಮ ಯಜಮಾನರಿಗೆ ಕೊಲೆಸ್ಟ್ರಾಲ್ ಸ್ವಲ್ಪ ಜಾಸ್ತಿ ಬಂದಿದೆ. ಇಸಬ್ಗೋಲ್ ಕುಡಿದರೆ ಗುಳಿಗೆ ಬಿಡಬಹುದು ಅಂತ ಒಬ್ಬರು ಮೆಸೇಜ್ ಕಳಿಸಿದ್ದಾರೆ, ಇದು ನಿಜವಾ?

ಔಷಧ ಅಂಗಡಿ, ಹುಬ್ಬಳ್ಳಿ:

ವೈನಿ, ಅರ್ಧ ನಿಜ. ಆ ಲೋಳೆ ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಗೆ ಒಯ್ಯುತ್ತದೆ. ಪಿತ್ತರಸ ಮತ್ತೆ ಮಾಡಲು ಲಿವರ್‌ಗೆ ಕೊಲೆಸ್ಟ್ರಾಲ್ ಬೇಕು, ಅದನ್ನು ರಕ್ತದಿಂದ ಎಳೆದುಕೊಳ್ಳುತ್ತದೆ. ಹಾಗಾಗಿ ಕೆಟ್ಟ ಕೊಲೆಸ್ಟ್ರಾಲ್ ಸ್ವಲ್ಪ ಇಳಿಯುತ್ತದೆ. ಆಹಾರ, ಔಷಧಿ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 1998ರಲ್ಲೇ ಇದನ್ನು ಒಪ್ಪಿ, ಡಬ್ಬಿ ಮೇಲೆ ಹೃದಯಕ್ಕೆ ಒಳ್ಳೆಯದು ಅಂತ ಬರೆಯಲು ಬಿಟ್ಟಿದೆ, ಆದರೆ ದಿನಕ್ಕೆ ಕರಗುವ ನಾರೇ 7 ಗ್ರಾಂ ಆಗಬೇಕು ಮತ್ತು ಊಟದಲ್ಲಿ ಕೊಬ್ಬೂ ಕಡಿಮೆ ಇರಬೇಕು ಅನ್ನುವ ಷರತ್ತಿನ ಮೇಲೆ. ಒಂದು ಚಮಚ ಕುಡಿದು ಮೇಲೆ ಮಿರ್ಚಿ ಭಜಿ ತಿಂದರೆ ಲೆಕ್ಕ ಸರಿ ಹೋಗುವುದಿಲ್ಲ. ಇಳಿಯುವುದೂ ಗುಳಿಗೆಯಷ್ಟು ಅಲ್ಲ. ಡಾಕ್ಟರ್ ಕೊಟ್ಟ ಗುಳಿಗೆಯನ್ನು ಮೆಸೇಜ್ ನೋಡಿ ಬಿಡಬೇಡಿ ವೈನಿ, ಗುಳಿಗೆ ಜೊತೆಗೆ ಇದನ್ನೂ ಸೇರಿಸಬಹುದಾ ಅಂತ ಕೇಳಿ.

ಹಾವೇರಿ ಮಗಳು:

ಎಲ್ಲರಿಗೂ ಬಹಳ ಬಹಳ ಥ್ಯಾಂಕ್ಸ್. ಇವತ್ತು ಡಾಕ್ಟರ್ ಹತ್ತಿರ ಹೋಗಿ ಬಂದೆವು. ಕ್ಯಾಲ್ಸಿಯಂ ಮಧ್ಯಾಹ್ನ ಊಟಕ್ಕೆ ಹಾಕಿದ್ದಾರೆ, ಟಿಎಸ್‌ಎಚ್ ಬರೆದುಕೊಟ್ಟಿದ್ದಾರೆ, ಇಸಬ್ಗೋಲ್ ಸಂಜೆ ಒಂದು ಚಮಚದಿಂದ ಶುರು ಮಾಡಿ ಅಂದರು. ಅವ್ವ ಅಗಸಿ ಹುರಿಯುತ್ತಿದ್ದಾಳೆ, ಎರಡೂ ನಡೆಯಲಿ ಅಂತ ಒಪ್ಪಿದಳು. ಒಂದೇ ಸಂಶಯ. ಕಾಕಾ ತಂದ ಡಬ್ಬಿ ತೆಗೆದು ನೋಡಿದರೆ ಪುಡಿ ಕಿತ್ತಳೆ ಬಣ್ಣ, ಕಿತ್ತಳೆ ವಾಸನೆ. ನಾನು ನೋಡಿದ ಇಸಬ್ಗೋಲ್ ಬಿಳಿ ಇತ್ತು. ಇದು ಕೊಡಬಹುದಾ?

ಔಷಧ ಅಂಗಡಿ, ಹುಬ್ಬಳ್ಳಿ:

ಅದು ರುಚಿ ಸೇರಿಸಿದ್ದು ತಂಗಿ. ಡಬ್ಬಿ ಹಿಂದೆ ಸಣ್ಣ ಅಕ್ಷರದಲ್ಲಿ ಏನೇನಿದೆ ಓದಿ, ಸಕ್ಕರೆ ಇದ್ದರೆ ಅಪ್ಪಾರಿಗೆ ಬೇಡ. ಕೆಲವು ಕಂಪನಿಯವು ಸಕ್ಕರೆ ಇಲ್ಲದವೂ ಬರುತ್ತವೆ. ಎಲ್ಲಕ್ಕಿಂತ ಬಿಳಿ ಹೊಟ್ಟೇ ಒಳ್ಳೆಯದು, ಬೆಲೆಯೂ ಕಡಿಮೆ. ಒಣ ಚಮಚದಲ್ಲೇ ತೆಗೆಯಿರಿ, ಒಂದು ಹನಿ ನೀರು ಬಿದ್ದರೂ ಡಬ್ಬಿಯೊಳಗೇ ಗಂಟು ಕಟ್ಟುತ್ತದೆ. ಸುರಿಯುವಾಗ ಏಳುವ ಧೂಳು ಕೆಲವರಿಗೆ ಅಲರ್ಜಿ, ಸೀನು ಬರುತ್ತದೆ, ಉಬ್ಬಸ ಇರುವವರು ಮನೆಯಲ್ಲಿದ್ದರೆ ಅವರ ಕೈಯಲ್ಲಿ ಕಲಸಿಸಬೇಡಿ. ಟಿಎಸ್‌ಎಚ್ ರಿಪೋರ್ಟ್ ಬಂದ ಮೇಲೆ ಗುಳಿಗೆ ಡೋಸ್ ಬದಲಾದರೂ ಆಗಬಹುದು, ಅದನ್ನು ಡಾಕ್ಟರಿಗೆ ತೋರಿಸದೆ ಬಿಡಬೇಡಿ.

ಹಾವೇರಿ ಮಗಳು:

ಡಬ್ಬಿ ಹಿಂದೆ ಸಕ್ಕರೆ ಅಂತ ಬರೆದಿದೆ ಅಣ್ಣಾ. ಬಿಳಿದು ತರಲು ತಮ್ಮನನ್ನು ಕಳಿಸಿದೆ. ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕುತ್ತೇನೆ.